ಏರಿನಲ್ಲಿ ಕುದಿಯುವ ಮಾರುತಿ 800: ಕಾರಣ ಹುಡುಕಿ ಸರಿಮಾಡಿದ ಬಗೆ

ಗಾಡಿ 1996ರ ಮಾರುತಿ 800. ಕಾರ್ಬ್ಯುರೇಟರ್ ಮಾಡೆಲ್, ಎ.ಸಿ. ಇಲ್ಲ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಅಪ್ಪ ಕೊಂಡದ್ದು, ಈಗ ನನ್ನ ಕೈಯಲ್ಲಿದೆ. ಕಡೂರಿನಿಂದ ಚಿಕ್ಕಮಗಳೂರಿನವರೆಗೆ ಯಾವ ತೊಂದರೆಯೂ ಇಲ್ಲ. ಕೈಮರ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿಯ ಏರು ಶುರುವಾದರೆ ಟೆಂಪರೇಚರ್ ಮುಳ್ಳು ಮೇಲೇಳುತ್ತದೆ. ನಾಲ್ಕು ಜನ ಕೂತು ಸೆಕೆಂಡ್ ಗೇರಿನಲ್ಲಿ ಹತ್ತಿದರೆ ಸೀತಾಳಯ್ಯನಗಿರಿ ಬರುವಷ್ಟರಲ್ಲಿ ಮುಳ್ಳು ಕೆಂಪಿನ ಹತ್ತಿರ. ಗಾಡಿ ನಿಲ್ಲಿಸಿದರೆ ಬಾನೆಟ್ ಒಳಗೆ ಗುಳುಗುಳು ಸದ್ದು. ಸ್ವಲ್ಪ ಹೊತ್ತಿಗೆ ರಿಸರ್ವ್ ಬಾಟಲ್ ತುಂಬಿ ಕಂದು ನೀರು ನೆಲಕ್ಕೆ ಹರಿಯುತ್ತದೆ.

ಹೀಗೆ ಅಂದರೆ ಸಾಕು, ಪರಿಹಾರ ಹೇಳುವವರು ತುಂಬಾ ಜನ. ಎಂಜಿನ್ನಿನ ಬಿಸಿ ನೀರನ್ನು ತಣ್ಣಗೆ ಮಾಡುವ ರೇಡಿಯೇಟರನ್ನು ಹೊಸದು ಹಾಕಿಸಿ ಅಂತ ಒಬ್ಬರು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲ್) ಹೋಗಿದೆ ಅಂತ ಇನ್ನೊಬ್ಬರು. ಫ್ಯಾನ್ ಡೈರೆಕ್ಟ್ ಮಾಡಿಸಿ, ಯಾವಾಗಲೂ ತಿರುಗುತ್ತಾ ಇರಲಿ ಅಂತ ಮತ್ತೊಬ್ಬರು. ಇದರಲ್ಲಿ ಯಾವುದು ಬೇಕಾದರೂ ನಿಜ ಇರಬಹುದು. ಆದರೆ ನೋಡದೆ, ಅಳೆಯದೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋದರೆ ದುಡ್ಡು ಖರ್ಚಾಗುತ್ತದೆ, ಬಿಸಿ ಮಾತ್ರ ಹಾಗೇ ಇರುತ್ತದೆ. ಈ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂನದು. ಅತಿಯಾಗಿ ಕಾದರೆ ಹೆಡ್ ಬೆಂಡ್ ಆಗುತ್ತದೆ. ಆಮೇಲೆ ಕೆಲಸವೂ ದೊಡ್ಡದು, ಬಿಲ್ಲೂ ದೊಡ್ಡದು. ಅದಕ್ಕೇ ಕಾರಣ ಗೊತ್ತಾಗುವವರೆಗೆ ಗಿರಿ ಕಡೆ ಹೋಗುವುದನ್ನೇ ನಿಲ್ಲಿಸಿದೆ.

ಯಾವಾಗ ಬಿಸಿಯಾಗುತ್ತದೆ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಟ್ರಾಫಿಕ್‌ನಲ್ಲಿ ನಿಂತಾಗ ಮುಳ್ಳು ಏರಿ, ಓಡಿಸಿದಾಗ ಇಳಿದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಆಗ ಫ್ಯಾನ್, ಫ್ಯೂಸ್, ರಿಲೇ, ಬಿಸಿಯಾದಾಗ ಫ್ಯಾನ್ ಆನ್ ಮಾಡುವ ಥರ್ಮೋ ಸ್ವಿಚ್ ನೋಡಬೇಕು. ನಿಂತಾಗ ಸರಿ ಇದ್ದು ಹೈವೇಯಲ್ಲಿ ಜೋರಾಗಿ ಓಡಿಸಿದಾಗ ಏರಿದರೆ ಗಾಳಿ ಬೇಕಾದಷ್ಟಿದೆ, ನೀರು ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ರೇಡಿಯೇಟರಿಗೆ ಬಿಸಿ ಹೊರಹಾಕುವ ಶಕ್ತಿ ಉಳಿದಿಲ್ಲ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಕೆಂಪಿಗೆ ಹೋದರೆ ನೀರು ಖಾಲಿಯಾಗಿರಬಹುದು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಮುಚ್ಚಿಕೊಂಡೇ ಇರಬಹುದು, ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಗಿರಿಯ ಏರು ಸ್ವಲ್ಪ ಗೊಂದಲ ಹುಟ್ಟಿಸುತ್ತದೆ. ಅಲ್ಲಿ ವೇಗ ಕಡಿಮೆ, ಲೋಡ್ ಜಾಸ್ತಿ. ಫ್ಯಾನಿನ ತಪ್ಪೋ ರೇಡಿಯೇಟರಿನ ತಪ್ಪೋ ಅಂತ ಬೇರ್ಪಡಿಸಲು ಆಗುವುದಿಲ್ಲ. ಅದಕ್ಕೆ ಮಧ್ಯಾಹ್ನದ ಬಿಸಿಲಿನಲ್ಲಿ ಬೀರೂರಿನ ಕಡೆ ಹೈವೇಯಲ್ಲಿ 80ರ ವೇಗದಲ್ಲಿ ಎಳೆದು ನೋಡಿದೆ. ಅಲ್ಲೂ ಮುಳ್ಳು ನಿಧಾನವಾಗಿ ಮೇಲೆ ಬಂತು. ವೇಗ 50ಕ್ಕೆ ಇಳಿಸಿದರೆ ಕೆಳಗಿಳಿಯಿತು. ಮನೆ ಮುಂದೆ ನಿಲ್ಲಿಸಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಟ್ಟರೆ ಫ್ಯಾನ್ ತಾನಾಗಿ ಬಂದು, ತಾನಾಗಿ ನಿಂತಿತು. ಫ್ಯಾನ್ ಬಿಟ್ಟು ಉಳಿದದ್ದನ್ನು ಹುಡುಕಬೇಕು ಎಂದು ಇಲ್ಲಿಗೇ ಗೊತ್ತಾಯಿತು.

ಫ್ಯಾನ್ ಬಗ್ಗೆ ಒಂದು ಮಾತು. ಅದು ತಿರುಗಿದರಷ್ಟೇ ಸಾಲದು, ಗಾಳಿ ಯಾವ ಕಡೆ ಹೋಗುತ್ತಿದೆ ಅಂತಲೂ ನೋಡಬೇಕು. ಮೋಟಾರ್ ಬದಲಾಯಿಸುವಾಗ ವೈರ್ ಅದಲುಬದಲಾದರೆ ಫ್ಯಾನ್ ಗಾಳಿಯನ್ನು ಎಂಜಿನ್ ಕಡೆ ಎಳೆಯುವ ಬದಲು ಮುಂದಕ್ಕೆ ತಳ್ಳುತ್ತದೆ. ಒಂದು ತೆಳು ಕಾಗದವನ್ನು ರೇಡಿಯೇಟರಿನ ಮುಂದೆ ಹಿಡಿಯಿರಿ. ಅದು ಒಳಗೆ ಅಂಟಿಕೊಳ್ಳಬೇಕು. ನನ್ನದರಲ್ಲಿ ಅಂಟಿಕೊಂಡಿತು.

ಮುಚ್ಚಳದಿಂದಲೇ ಶುರು

ರೇಡಿಯೇಟರ್ ಕ್ಯಾಪನ್ನು ಬಿಸಿ ಇದ್ದಾಗ ತೆರೆಯಲೇಬಾರದು. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಕ್ಯಾಪ್ ತಿರುಗಿಸಿದ ಕ್ಷಣ ಒತ್ತಡ ಬಿಟ್ಟುಹೋಗಿ ಕುದಿಯುವ ನೀರು, ಹಬೆ ಮುಖಕ್ಕೆ ಎರಚುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ತೆರೆಯಿರಿ.

ಬೆಳಿಗ್ಗೆ ತೆರೆದಾಗ ರಿಸರ್ವ್ ಬಾಟಲ್ ಕಂಠಪೂರ್ತಿ ತುಂಬಿತ್ತು. ರೇಡಿಯೇಟರ್ ಮಾತ್ರ ಅರೆಖಾಲಿ. ಇದು ಒಳ್ಳೆ ಸುಳಿವು. ನೀರು ಬಿಸಿಯಾಗಿ ಹಿಗ್ಗಿದಾಗ ಕ್ಯಾಪಿನ ದೊಡ್ಡ ಸ್ಪ್ರಿಂಗ್ ವಾಲ್ವ್ ತೆರೆದು ಹೆಚ್ಚಾದ ನೀರನ್ನು ಬಾಟಲಿಗೆ ಬಿಡುತ್ತದೆ. ತಣ್ಣಗಾದಾಗ ಕ್ಯಾಪಿನ ನಡುವೆ ಇರುವ ಚಿಕ್ಕ ವಾಲ್ವ್ ತೆರೆದು ಅದೇ ನೀರನ್ನು ವಾಪಸ್ ಎಳೆದುಕೊಳ್ಳುತ್ತದೆ. ಹೋದ ನೀರು ವಾಪಸ್ ಬಂದಿಲ್ಲ ಎಂದರೆ ಆ ಚಿಕ್ಕ ವಾಲ್ವ್ ಅಂಟಿಕೊಂಡಿದೆ, ಅಥವಾ ಬಾಟಲಿಗೆ ಹೋಗುವ ಸಣ್ಣ ಪೈಪ್ ಗಾಳಿ ಎಳೆಯುತ್ತಿದೆ. ನನ್ನ ಗಾಡಿಯಲ್ಲಿ ಎರಡೂ ಇತ್ತು. ಪೈಪಿನ ತುದಿ ಒಣಗಿ ಸೀಳಿತ್ತು. ಕ್ಯಾಪಿನ ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿತ್ತು.

ಕ್ಯಾಪ್ ಮೇಲೆ 0.9 ಎಂದು ಬರೆದಿದೆ. ಪ್ರತಿ ಚದರ ಸೆಂಟಿಮೀಟರಿಗೆ 0.9 ಕಿಲೋ ಒತ್ತಡ ಬರುವವರೆಗೆ ಅದು ಹಿಡಿದಿಡಬೇಕು. ಪರಿಚಯದ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟರ್ ಇತ್ತು, ಅದಕ್ಕೆ ಹಾಕಿ ಪಂಪ್ ಮಾಡಿದೆ. 0.4 ಬರುವ ಮೊದಲೇ ಗಾಳಿ ಬಿಟ್ಟುಕೊಟ್ಟಿತು. ಅದೇ ಪಂಪನ್ನು ರೇಡಿಯೇಟರ್ ಬಾಯಿಗೆ ಸಿಕ್ಕಿಸಿ 0.9ರವರೆಗೆ ಒತ್ತಿ ಬಿಟ್ಟೆ. ಅಲ್ಲಿ ಮುಳ್ಳು ಅಲ್ಲಾಡದೆ ನಿಂತಿತು. ಅಂದರೆ ಹೊರಗೆ ಎಲ್ಲೂ ಲೀಕ್ ಇಲ್ಲ, ದೋಷ ಕ್ಯಾಪಿನದ್ದು.

ಬೆಟ್ಟದ ಮೇಲೆ ಈ ಕ್ಯಾಪಿಗೆ ಇನ್ನೂ ಬೆಲೆ ಜಾಸ್ತಿ. ಸಮುದ್ರ ಮಟ್ಟದಲ್ಲಿ ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಚಿಕ್ಕಮಗಳೂರು ಊರೇ ಸಾವಿರ ಮೀಟರ್ ಎತ್ತರದಲ್ಲಿದೆ, ಅಲ್ಲಿ ಸುಮಾರು 96-97ಕ್ಕೇ ಕುದಿಯುತ್ತದೆ. ಮುಳ್ಳಯ್ಯನಗಿರಿಯ 1,900 ಮೀಟರ್ ಎತ್ತರದಲ್ಲಿ 94ರ ಆಸುಪಾಸು. ಕ್ಯಾಪ್ 0.9 ಹಿಡಿದರೆ ಅಷ್ಟು ಮೇಲೂ ಸುಮಾರು 115 ಡಿಗ್ರಿವರೆಗೆ ಕುದಿಯುವುದಿಲ್ಲ. ಕ್ಯಾಪ್ ಸತ್ತಿದ್ದರೆ ಫ್ಯಾನ್ ಆನ್ ಆಗುವ ಬಿಸಿಗೂ ನೀರು ಕುದಿಯುವ ಬಿಸಿಗೂ ಅಂತರವೇ ಇರುವುದಿಲ್ಲ. ಎಂಜಿನ್ ನಿಜವಾಗಿ ಓವರ್‌ಹೀಟ್ ಆಗುವ ಮೊದಲೇ ನೀರು ಕುದಿದು ಹೊರಗೆ ಹೋಗುತ್ತದೆ. ನೀರು ಹೋದ ಮೇಲೆ ಓವರ್‌ಹೀಟ್ ಆಗಿಯೇ ಆಗುತ್ತದೆ. ಇಷ್ಟೆಲ್ಲ ನಿಂತಿರುವುದು ಅಂಗೈ ಅಗಲದ ಒಂದು ತಗಡಿನ ಮೇಲೆ. ಅದನ್ನು ಯಾರೂ ಬದಲಾಯಿಸುವುದೇ ಇಲ್ಲ, ಬೇಜಾರಿನ ವಿಷಯ.

ಹೊಸ ಕ್ಯಾಪ್, ಹೊಸ ಪೈಪ್ ಹಾಕಿದೆ. ನೀರು ಹೊರಗೆ ಚೆಲ್ಲುವುದು ನಿಂತಿತು. ಆದರೆ ಹೈವೇಯಲ್ಲಿ ಮುಳ್ಳು ಏರುವುದು ನಿಲ್ಲಲಿಲ್ಲ. ಹಾಗಾಗಿ ಮುಂದಿನದು.

ಹೆಡ್ ಗ್ಯಾಸ್ಕೆಟ್ ಅಲ್ಲ ಎಂದು ಖಾತ್ರಿ ಮಾಡಿಕೊಂಡದ್ದು

ಎಲ್ಲರಿಗೂ ಇದರದ್ದೇ ಭಯ. ಪರೀಕ್ಷೆ ಕಷ್ಟವಲ್ಲ. ತಣ್ಣಗಿದ್ದಾಗ ಕ್ಯಾಪ್ ತೆಗೆದು ನೀರು ಬಾಯಿಯವರೆಗೆ ತುಂಬಿ ಸ್ಟಾರ್ಟ್ ಮಾಡಿ. ಮೊದಲು ಒಂದಷ್ಟು ಗುಳ್ಳೆ ಬರುವುದು ಸಹಜ, ಸಿಕ್ಕಿಕೊಂಡ ಗಾಳಿ ಅದು. ಅದು ನಿಂತ ಮೇಲೂ ಆಕ್ಸಿಲರೇಟರ್ ಒತ್ತಿದಂತೆಲ್ಲ ಗುಳ್ಳೆ ಬರುತ್ತಲೇ ಇದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಸೇರುತ್ತಿದೆ. ಇನ್ನೊಂದು ಗುರುತು: ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ರೇಡಿಯೇಟರಿನ ಮೇಲಿನ ಹೋಸ್ (ರಬ್ಬರ್ ಪೈಪ್) ಗಟ್ಟಿಯಾಗುವುದು. ನೀರು ಇನ್ನೂ ಕಾದಿಲ್ಲದಿದ್ದರೂ ಒತ್ತಡ ಎಲ್ಲಿಂದ ಬಂತು? ಸಿಲಿಂಡರಿನಿಂದ.

ಆಯಿಲ್ ಡಿಪ್‌ಸ್ಟಿಕ್ ನೋಡಿದೆ, ಆಯಿಲ್ ಹಾಲು ಬೆರೆತಂತೆ ಆಗಿರಲಿಲ್ಲ. ಸ್ಪಾರ್ಕ್ ಪ್ಲಗ್ ಮೂರೂ ಬಿಚ್ಚಿದೆ, ಒಂದೇ ಬಣ್ಣ. ಒಂದು ಸಿಲಿಂಡರಿಗೆ ನೀರು ಹೋಗುತ್ತಿದ್ದರೆ ಆ ಪ್ಲಗ್ ಮಾತ್ರ ಹಬೆಗೆ ತೊಳೆದು ಬೆಳ್ಳಗಾಗಿರುತ್ತದೆ. ಕೊನೆಗೆ ನೀಲಿ ದ್ರವದ ಟೆಸ್ಟ್ ಕಿಟ್ ಕೂಡ ಹಿಡಿದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆದರೆ, ಎಕ್ಸಾಸ್ಟಿನ ಕಾರ್ಬನ್ ಡೈಆಕ್ಸೈಡ್ ಇದ್ದಲ್ಲಿ ನೀಲಿ ಹಳದಿಗೆ ತಿರುಗುತ್ತದೆ. ನೀಲಿಯಾಗಿಯೇ ಉಳಿಯಿತು. ಹೆಡ್ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು.

ಬಿಸಿ ಅಳೆದಾಗ ಸಿಕ್ಕಿದ ಉತ್ತರ

ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಹೊಳೆಯುವ ಲೋಹಕ್ಕೆ ನೇರವಾಗಿ ಹಿಡಿದರೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಅದರ ಮೇಲೆ ಗನ್ ಹಿಡಿಯಬೇಕು. ಥರ್ಮೋಸ್ಟಾಟ್ ಹೌಸಿಂಗ್ ಮೇಲೆ, ರೇಡಿಯೇಟರಿನ ಮೇಲಿನ ಟ್ಯಾಂಕ್, ಕೆಳಗಿನ ಟ್ಯಾಂಕ್ ಮೇಲೆ, ಹೀಗೆ ಟೇಪ್ ಅಂಟಿಸಿದೆ. ಮೊದಲು ಡ್ಯಾಶ್‌ಬೋರ್ಡಿನ ಮುಳ್ಳಿನ ಜೊತೆ ಹೋಲಿಸಿ ನೋಡಿದೆ. ಮುಳ್ಳು ಸುಳ್ಳು ಹೇಳುತ್ತಿರಲಿಲ್ಲ. ಹಳೆ ಗಾಡಿಗಳಲ್ಲಿ ಇದನ್ನು ನೋಡಿಕೊಳ್ಳಲೇಬೇಕು. ಮುಳ್ಳಿನ ಬಗ್ಗೆ ಇನ್ನೊಂದು ವಿಷಯ ನೆನಪಿರಲಿ: ಕೆಂಪಿಗೆ ಹೋದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಗಾಡಿ ಸರಿಹೋಯಿತು ಎಂದುಕೊಳ್ಳಬೇಡಿ. ಸೆನ್ಸರ್ ಇರುವ ಜಾಗದಲ್ಲಿ ನೀರೇ ಇಲ್ಲದಿದ್ದಾಗಲೂ ಹೀಗೆ ಆಗುತ್ತದೆ. ತಕ್ಷಣ ಎಂಜಿನ್ ಆಫ್ ಮಾಡಿ.

ಆಮೇಲೆ ಗನ್ನನ್ನು ರೇಡಿಯೇಟರಿನ ಅಡ್ಡಕ್ಕೆ, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿದೆ. ಒಂದು ಬದಿಯಲ್ಲಿ 80ರ ಆಸುಪಾಸು. ನಡುವೆ ಬಂದಾಗ 60ರ ಕೆಳಗೆ. ಇನ್ನೊಂದು ತುದಿಯ ಅಗಲ ಪಟ್ಟಿಯಲ್ಲಿ ಕೈ ಇಡುವಷ್ಟು ತಣ್ಣಗೆ. ಒಳ್ಳೆ ರೇಡಿಯೇಟರಿನಲ್ಲಿ ಬಿಸಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಎಡದಿಂದ ಬಲಕ್ಕೆ ಇಷ್ಟು ಬದಲಾಗುವುದಿಲ್ಲ. ತಣ್ಣಗಿದ್ದ ಪಟ್ಟಿಯ ಟ್ಯೂಬುಗಳಲ್ಲಿ ನೀರೇ ಹರಿಯುತ್ತಿಲ್ಲ. ಹತ್ತಿರ ಹತ್ತಿರ ಮೂರನೇ ಒಂದು ಭಾಗ ಸುಮ್ನೆ ಕೂತಿದೆ. ಐಡಲ್‌ನಲ್ಲಿ ಉಳಿದ ಭಾಗ ಸಾಕಾಗುತ್ತದೆ. ಏರಿನಲ್ಲಿ ಸಾಲುವುದಿಲ್ಲ.

ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿದೆ. ಒಳಗೆ ಥರ್ಮೋಸ್ಟಾಟೇ ಇರಲಿಲ್ಲ. ಹಿಂದೆ ಯಾರೋ ತೆಗೆದು ಖಾಲಿ ಮುಚ್ಚಿದ್ದಾರೆ. ನಮ್ಮ ಕಡೆ ಇದು ಎಷ್ಟೋ ಗಾಡಿಗಳ ಕಥೆ. "ನಮ್ಮ ದೇಶಕ್ಕೆ ಅದು ಬೇಡ, ಚಳಿ ದೇಶಕ್ಕೆ ಮಾತ್ರ" ಅನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಥರ್ಮೋಸ್ಟಾಟ್ ಇರುವುದು ಎಂಜಿನ್ನನ್ನು ಬೇಗ ಸರಿಯಾದ ಬಿಸಿಗೆ ತಂದು ಅಲ್ಲೇ ಇಡಲು. ಅದಿಲ್ಲದಿದ್ದರೆ ಬೆಳಿಗ್ಗೆ ಎಂಜಿನ್ ಬಹಳ ಹೊತ್ತು ತಣ್ಣಗೇ ಓಡುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಆಯಿಲ್‌ನಲ್ಲಿ ತೇವ ಉಳಿದು ಜಿಡ್ಡು ಕಟ್ಟುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕಟ್ಟಿಕೊಂಡ ರೇಡಿಯೇಟರಿಗೆ ಇದು ಮದ್ದೂ ಅಲ್ಲ. ಅದು ಕೊಡುವ ತೊಂದರೆಯನ್ನು ಸ್ವಲ್ಪ ಕಾಲ ಮುಚ್ಚಿಡುತ್ತದೆ, ಅಷ್ಟೇ.

ಕಂದು ನೀರು, ಬಿಳಿ ಹುಡಿ

ಕೆಳಗಿನ ಹೋಸ್ ಬಿಚ್ಚಿದಾಗ ಬಂದದ್ದು ಇಟ್ಟಿಗೆ ಬಣ್ಣದ ನೀರು. ಬಕೆಟ್ಟಿನಲ್ಲಿ ಒಂದು ಗಂಟೆ ಬಿಟ್ಟರೆ ತಳದಲ್ಲಿ ಕೆಸರು, ಅದರ ಜೊತೆ ಬಿಳಿ ಪುಡಿ. ಕಡೂರಿನ ಬೋರ್‌ವೆಲ್ ನೀರು ಗಡಸು. ನಮ್ಮ ಮನೆಯ ಗೀಸರ್ ಕಾಯಿಲ್ ಮೇಲೆ ವರ್ಷ ತುಂಬುವುದರೊಳಗೆ ಬಿಳಿ ಪದರ ಕಟ್ಟುತ್ತದೆ. ಅದೇ ನಲ್ಲಿಯ ನೀರನ್ನು ವರ್ಷಗಟ್ಟಲೆ ಈ ರೇಡಿಯೇಟರಿಗೆ ಹಾಕಿದ್ದಾರೆ. ಕುದಿದು ಹೋದಷ್ಟೂ ಮತ್ತೆ ತುಂಬಿಸಿದ್ದಾರೆ. ಆವಿಯಾಗಿ ಹೋಗುವುದು ನೀರು ಮಾತ್ರ. ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಒಳಗೇ ಉಳಿಯುತ್ತದೆ. ಪ್ರತಿ ಸಲ ತುಂಬಿಸಿದಾಗಲೂ ಇನ್ನಷ್ಟು ಸೇರುತ್ತದೆ. ತುಕ್ಕು ತಡೆಯುವ ಕೂಲಂಟ್ ಇಲ್ಲದಿದ್ದರೆ ಲೋಹವೂ ಒಳಗಿನಿಂದ ತಿನ್ನಿಸಿಕೊಂಡು ಆ ಕೆಸರಿಗೆ ಸೇರುತ್ತದೆ. ತುಮಕೂರು, ಚಿತ್ರದುರ್ಗ, ಕೋಲಾರದ ಕಡೆಯವರಿಗೂ ಈ ಬಿಳಿ ಪದರ ಹೊಸದಲ್ಲ.

ಮೊದಲು ರಿವರ್ಸ್ ಫ್ಲಶ್. ರೇಡಿಯೇಟರ್ ಮತ್ತು ಎಂಜಿನ್ ಎರಡನ್ನೂ ಬೇರೆ ಬೇರೆ ಮಾಡಿ, ಮಾಮೂಲಿಗಿಂತ ಎದುರು ದಿಕ್ಕಿನಿಂದ ಪೈಪಿನಲ್ಲಿ ನೀರು ಬಿಡಬೇಕು. ರೇಡಿಯೇಟರಿಗೆ ಕೆಳಗಿನ ಬಾಯಿಂದ, ಎಂಜಿನ್ನಿಗೆ ಥರ್ಮೋಸ್ಟಾಟ್ ಕಡೆಯಿಂದ. ಎಂಜಿನ್ನಿನಿಂದ ತುಂಬಾ ಹೊತ್ತು ಕಂದು ನೀರೇ ಬಂತು. ತಿಳಿಯಾದ ಮೇಲೆ ಎಲ್ಲ ಜೋಡಿಸಿ ನಿಂಬೆ ಉಪ್ಪಿನ ನೀರು ತುಂಬಿಸಿದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಅದೇ ಸಿಟ್ರಿಕ್ ಆಸಿಡ್. ಲೀಟರಿಗೆ ಎರಡು ಮೂರು ಚಮಚ ಹಾಕಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ತಣ್ಣಗಾಗಲು ಬಿಟ್ಟು ಹೊರಗೆ ತೆಗೆದೆ. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರು, ಆಮೇಲೆ ಬರೀ ನೀರು, ಕೊನೆಗೆ ಡಿಸ್ಟಿಲ್ಡ್ ವಾಟರ್. ಆಸಿಡ್ ಒಳಗೆ ಉಳಿಯಬಾರದು.

ಟಾಯ್ಲೆಟ್ ತೊಳೆಯುವ ಆಸಿಡ್ ಹಾಕುವವರನ್ನು ನೋಡಿದ್ದೇನೆ. ಕಾಸ್ಟಿಕ್ ಸೋಡಾ ಹಾಕುವವರನ್ನೂ ನೋಡಿದ್ದೇನೆ. ದಯವಿಟ್ಟು ಎರಡೂ ಬೇಡ. ಎರಡೂ ಅಲ್ಯೂಮಿನಿಯಂ ಹೆಡ್ಡನ್ನು ತಿನ್ನುತ್ತವೆ.

ಎಂಜಿನ್ ಕಡೆ ಚೊಕ್ಕವಾಯಿತು. ಆದರೆ ರೇಡಿಯೇಟರಿಗೆ ಗನ್ ಹಿಡಿದರೆ ತಣ್ಣಗಿನ ಪಟ್ಟಿ ಸ್ವಲ್ಪ ಕಿರಿದಾಗಿತ್ತೇ ಹೊರತು ಹೋಗಿರಲಿಲ್ಲ. ಪೂರ್ತಿ ಮುಚ್ಚಿಹೋದ ಟ್ಯೂಬಿನಲ್ಲಿ ಆಸಿಡ್ಡೂ ಹರಿಯುವುದಿಲ್ಲ, ಅಲ್ವಾ? ಅದು ತೆರೆದಿರುವ ದಾರಿಯಲ್ಲೇ ಹೋಗುತ್ತದೆ.

ರೇಡಿಯೇಟರ್ ಅಂಗಡಿ

ನನ್ನ ಗಾಡಿಯದು ತಾಮ್ರ-ಹಿತ್ತಾಳೆಯ ರೇಡಿಯೇಟರ್. ಇದನ್ನು ರಿಪೇರಿ ಮಾಡಬಹುದು. ಅಲ್ಯೂಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ಟ್ಯಾಂಕ್ ಮಡಚಿ ಕೂರಿಸಿದ ರೇಡಿಯೇಟರ್ ಇದ್ದರೆ ಕಟ್ಟಿಕೊಂಡಾಗ ಹೊಸದು ಹಾಕುವುದೇ ವಾಸಿ. ಬಸ್ಸು, ಲಾರಿ, ಟ್ರ್ಯಾಕ್ಟರ್ ರೇಡಿಯೇಟರುಗಳನ್ನೇ ಮಾಡುವ ಹಳೆಯ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿನ ಸಾಹೇಬರು ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ, "ಬೋರ್ ನೀರು ಹಾಕ್ತಿದ್ರಾ?" ಎಂದು ಕೇಳಿದರು. ಹೌದು ಅಂದೆ. "ಮೇಲಿನ ಟ್ಯಾಂಕ್ ಬಿಚ್ಚಬೇಕು, ಕಡ್ಡಿ ಹಾಕ್ಬೇಕು" ಅಂದರು.

ಆ ಕೆಲಸ ನೋಡುವಂಥದ್ದು. ಗ್ಯಾಸ್ ಜ್ವಾಲೆಯಲ್ಲಿ ಬೆಸುಗೆ ಕರಗಿಸಿ ಮೇಲಿನ ಟ್ಯಾಂಕ್ ಎತ್ತಿದರು. ಕೆಳಗೆ ಸಾಲಾಗಿ ಚಪ್ಪಟೆ ಟ್ಯೂಬುಗಳ ಬಾಯಿ. ಒಂದು ಬದಿಯವು ತೆರೆದಿದ್ದವು, ಇನ್ನೊಂದು ಬದಿಯವು ಬೆಳ್ಳಗೆ ಮುಚ್ಚಿಹೋಗಿದ್ದವು. ಗನ್ ತೋರಿಸಿದ ತಣ್ಣಗಿನ ಪಟ್ಟಿ ಅದೇ ಜಾಗದಲ್ಲಿತ್ತು. ಸಾಹೇಬರು ಉದ್ದನೆಯ ತೆಳು ಚಪ್ಪಟೆ ಕಡ್ಡಿಯನ್ನು ಒಂದೊಂದೇ ಟ್ಯೂಬಿನಲ್ಲಿ ಇಳಿಸಿ, ಎಳೆದು, ಮತ್ತೆ ಇಳಿಸಿದರು. ಜೋರಾಗಿ ತಳ್ಳುವಂತಿಲ್ಲ, ಟ್ಯೂಬ್ ಗೋಡೆ ಬಹಳ ತೆಳು. ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಅವರ ಬೆರಳೇ ಹೇಳುತ್ತಿತ್ತು. ಕೆಳಗಿನಿಂದ ಬಿಳಿ ಹುಡಿ ಉದುರುತ್ತಲೇ ಇತ್ತು. ಆಮೇಲೆ ಟ್ಯಾಂಕ್ ವಾಪಸ್ ಬೆಸೆದು, ಬಾಯಿಗಳನ್ನು ಮುಚ್ಚಿ, ಒಳಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒಂದು ಮೂಲೆಯಿಂದ ಗುಳ್ಳೆ ಬಂತು, ಅಲ್ಲಿಗೆ ಇನ್ನೊಂದಿಷ್ಟು ಬೆಸುಗೆ. ಮತ್ತೆ ಮುಳುಗಿಸಿದಾಗ ಗುಳ್ಳೆ ಇಲ್ಲ. ಹೊಸ ರೇಡಿಯೇಟರಿಗಿಂತ ತುಂಬಾ ಕಡಿಮೆಗೆ ಕೆಲಸ ಮುಗಿಯಿತು. ಈ ಕಸುಬು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ನಿಮ್ಮ ಊರಿನಲ್ಲಿ ಇದ್ದರೆ ಅವರಿಗೇ ಕೆಲಸ ಕೊಡಿ.

ಜೋಡಣೆ

ರೇಡಿಯೇಟರ್ ಹೊರಗಿದ್ದಾಗಲೇ ಫಿನ್‌ಗಳ (ತೆಳು ತಗಡಿನ ಮಡಿಕೆಗಳ) ನಡುವಿನ ಹುಳು, ಧೂಳು, ಹುಲ್ಲಿನ ಎಸಳು ತೊಳೆದೆ. ಎಂಜಿನ್ ಬದಿಯಿಂದ ಮುಂದಕ್ಕೆ, ಸಣ್ಣ ಒತ್ತಡದ ನೀರಿನಲ್ಲಿ. ಪ್ರೆಶರ್ ವಾಷರ್ ಹಿಡಿದರೆ ಫಿನ್ ಮಡಚಿಕೊಳ್ಳುತ್ತವೆ.

ಹೋಸ್ ಎರಡೂ ಹೊಸದು. ಹಳೆಯ ಕೆಳಗಿನ ಹೋಸ್ ಬಿಸಿಯಾದಾಗ ಮೆತ್ತಗಾಗುತ್ತಿತ್ತು. ಅದು ವಾಟರ್ ಪಂಪ್ ನೀರು ಎಳೆಯುವ ಬದಿ. ಎಂಜಿನ್ ಜೋರಾಗಿ ತಿರುಗಿದಾಗ ಮೆತ್ತನೆಯ ಹೋಸ್ ಒಳಗೆ ಕುಗ್ಗಿ ಹರಿವು ಕಡಿಮೆಯಾಗುತ್ತದೆ. ಐಡಲ್‌ನಲ್ಲಿ ಇದು ಕಾಣುವುದಿಲ್ಲ. ಹೈವೇಯಲ್ಲಿ ಮಾತ್ರ ಬಿಸಿಯಾಗುವ ಗಾಡಿಯಲ್ಲಿ ಇದನ್ನು ಮರೆಯದೆ ನೋಡಿ. ವಾಟರ್ ಪಂಪಿನ ಪುಲ್ಲಿ ಹಿಡಿದು ಅಲ್ಲಾಡಿಸಿದೆ, ಆಟ ಇರಲಿಲ್ಲ. ಬೆಲ್ಟ್ ಬಿಗಿ ಸರಿಮಾಡಿದೆ.

ಹೊಸ ಥರ್ಮೋಸ್ಟಾಟನ್ನು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗಿಬಿಟ್ಟು ಕಾಯಿಸಿದೆ. ಮೇಲೆ 82 ಎಂದು ಅಚ್ಚಾಗಿತ್ತು. ಅಡುಗೆ ಥರ್ಮಾಮೀಟರಿನಲ್ಲಿ 82-83ಕ್ಕೆ ಬಾಯಿ ಬಿಡಲು ಶುರುಮಾಡಿತು, ಕುದಿಯುವ ಹೊತ್ತಿಗೆ ಪೂರ್ತಿ ತೆರೆಯಿತು. ಹೊಸ ಪಾರ್ಟೂ ಕೆಟ್ಟಿರಬಹುದು, ಹತ್ತು ನಿಮಿಷದ ಈ ಪರೀಕ್ಷೆ ಬಿಡಬೇಡಿ. ಅದರ ಅಂಚಿನಲ್ಲಿ ಗಾಳಿ ಬಿಡುವ ಸಣ್ಣ ತೂತು ಇದ್ದರೆ ಅದು ಮೇಲಕ್ಕೆ ಬರುವಂತೆ ಕೂರಿಸಬೇಕು.

ಕೂಲಂಟ್ ಬಗ್ಗೆ. ಹಿಮ ಬೀಳದ ನಮ್ಮ ಕಡೆಗೂ ಅದು ಬೇಕು, ತುಕ್ಕು ತಡೆಯಲು. ಬಾಟಲ್ ನೋಡಿ ಕೊಳ್ಳಿ. ಕೆಲವು ನೇರವಾಗಿ ಸುರಿಯುವಂಥವು, ಅವಕ್ಕೆ ನೀರು ಬೆರೆಸಬಾರದು. ಕೆಲವು ಗಟ್ಟಿ ದ್ರವ, ಅವಕ್ಕೆ ಹೇಳಿದಷ್ಟು ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ತಾಮ್ರ, ಹಿತ್ತಾಳೆ, ಬೆಸುಗೆಗೂ ಸರಿಹೋಗುತ್ತದೆ ಎಂದು ಬರೆದಿರುವುದನ್ನೇ ಆರಿಸಿದೆ. ಎರಡು ಬಗೆಯ ಕೂಲಂಟ್ ಬೆರೆಸಲು ಹೋಗಬೇಡಿ. ಹಾಗೇ, ಎಥಿಲಿನ್ ಗ್ಲೈಕಾಲ್ ಇರುವ ಕೂಲಂಟ್ ಸಿಹಿ, ಆದರೆ ವಿಷ. ಹೊರಗೆ ತೆಗೆದದ್ದನ್ನು ತೆರೆದ ಬಕೆಟ್ಟಿನಲ್ಲಿ ಬಿಟ್ಟರೆ ನಾಯಿ, ದನ ಕುಡಿಯುತ್ತವೆ. ಮುಚ್ಚಿದ ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಟ್ಟೆ.

ತುಂಬಿಸುವಾಗ ಗಾಡಿಯ ಮೂತಿ ಮೇಲಿರಬೇಕು. ಮನೆ ಮುಂದಿನ ಇಳಿಜಾರಿನಲ್ಲಿ ಮುಂಭಾಗ ಮೇಲೆ ಬರುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೆ. ನಿಧಾನವಾಗಿ ಸುರಿಯುತ್ತಾ ಮೇಲಿನ ಹೋಸನ್ನು ಹಿಸುಕುತ್ತಾ ಹೋದರೆ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಕ್ಯಾಪ್ ತೆಗೆದಿಟ್ಟೇ ಸ್ಟಾರ್ಟ್ ಮಾಡಿ ಬಿಟ್ಟೆ. ಥರ್ಮೋಸ್ಟಾಟ್ ತೆರೆದಾಗ ನೀರಿನ ಮಟ್ಟ ದಿಢೀರ್ ಇಳಿಯಿತು, ಮತ್ತೆ ತುಂಬಿಸಿದೆ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ, ಬಾಟಲನ್ನು ಎರಡು ಗೆರೆಗಳ ನಡುವೆ ತುಂಬಿಸಿದೆ. ಮಾರನೆಯ ಬೆಳಿಗ್ಗೆ ಬಾಟಲ್ ಮಟ್ಟ ಸ್ವಲ್ಪ ಕೆಳಗಿತ್ತು, ರೇಡಿಯೇಟರ್ ಬಾಯಿತನಕ ತುಂಬಿತ್ತು. ಕ್ಯಾಪ್ ವಾಪಸ್ ಎಳೆಯುತ್ತಿದೆ.

ಈಗ ಗಿರಿಯ ಏರಿನಲ್ಲಿ ನಾಲ್ಕು ಜನರೊಂದಿಗೆ ಹತ್ತಿದರೆ ಮುಳ್ಳು ನಡುವಿಗಿಂತ ಕೂದಲೆಳೆ ಮೇಲೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಮೇಲೆ ನಿಲ್ಲಿಸಿ ಗನ್ ಹಿಡಿದಾಗ ಥರ್ಮೋಸ್ಟಾಟ್ ಹೌಸಿಂಗ್ ಮೇಲೆ 93, ರೇಡಿಯೇಟರ್ ಎಡಕ್ಕೂ ಬಲಕ್ಕೂ ಒಂದೇ ಬಿಸಿ. ಫ್ಯಾನ್ ಸ್ವಲ್ಪ ಹೊತ್ತು ತಿರುಗಿ ನಿಲ್ಲುತ್ತದೆ. ಬೆಳಗಿನ ಹೊತ್ತು ಚೋಕ್ ಎಳೆದಿಡಬೇಕಾದ ಸಮಯವೂ ಕಡಿಮೆಯಾಗಿದೆ, ಅದು ಥರ್ಮೋಸ್ಟಾಟಿನ ಲಾಭ.

ಉಳಿದಿರುವುದು ಎರಡು. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನ ಸುತ್ತ ಒಣಗಿದ ಕಲೆ ಕಾಣುತ್ತಿದೆ. ಒಳಗಿನ ಸೀಲ್ ಸವೆದರೆ ನೀರು ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಕಲೆಯನ್ನು ಒರೆಸಿ ಇಟ್ಟಿದ್ದೇನೆ, ಹೊಸದಾಗಿ ಹಸಿ ಬಂದರೆ ಪಂಪ್ ಬದಲಾಯಿಸುತ್ತೇನೆ. ಇಗ್ನಿಷನ್ ಟೈಮಿಂಗನ್ನೂ (ಪ್ಲಗ್ ಕಿಡಿ ಬಿಡುವ ಸಮಯ) ಲೈಟ್ ಹಿಡಿದು ನೋಡಬೇಕು. ಟೈಮಿಂಗ್ ಹಿಂದೆ ಬಿದ್ದಿದ್ದರೆ ಎಕ್ಸಾಸ್ಟ್ ಬದಿ ಸುಮ್ನೆ ಕಾಯುತ್ತದೆ, ಅಷ್ಟೂ ಬಿಸಿಯನ್ನು ಈ ರೇಡಿಯೇಟರೇ ಹೊರಬೇಕು. ಮುಂದಿನ ಸರ್ವಿಸಿನಲ್ಲಿ ಅದು.